ಆರು ಅಲಗು, ಒಂದೇ ಅಳತೆ: ಕುಲುಮೆ ಕೆಲಸದ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ಕೈಯಿಂದ ಬಡಿದು ಚಾಕು, ಕತ್ತಿ ಮಾಡುವ ಓದುಗರು ಬರೆದ ಪತ್ರಗಳಲ್ಲಿ ಈ ಬಾರಿ ಬಹುಪಾಲು ಒಂದೇ ತೊಡಕನ್ನು ಹೇಳುತ್ತವೆ. ಒಂದು ಅಲಗನ್ನು ಚೆನ್ನಾಗಿ ಮಾಡಬಲ್ಲವರಿಗೂ ಅದರಂಥದೇ ಇನ್ನೊಂದನ್ನು ಮಾಡುವುದು ಕಷ್ಟವಾಗುತ್ತಿದೆ. ಆದ್ದರಿಂದ ಇದೊಂದೇ ವಿಷಯದ ಪ್ರಶ್ನೆಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಮೊದಲ ಉತ್ತರ ಉದ್ದವಾಗಿದೆ. ಉಳಿದ ಪ್ರಶ್ನೆಗಳಲ್ಲಿ ಅರ್ಧದಷ್ಟಕ್ಕೆ ಅಲ್ಲಿಯೇ ಪರಿಹಾರ ಸಿಗುತ್ತದೆ.

ಪ್ರಶ್ನೆ: ನಮ್ಮದು ಕತ್ತಿ, ಕುಡುಗೋಲು, ಗುದ್ದಲಿಗಳನ್ನು ಮಾಡಿಕೊಡುತ್ತ ಬಂದ ಹಳೆಯ ಕುಲುಮೆ. ನಾನು ಈಚೆಗೆ ಅಡುಗೆಮನೆಯ ಚಾಕುಗಳನ್ನು ಮಾಡತೊಡಗಿದ್ದೇನೆ. ಹೋಂಸ್ಟೇ ನಡೆಸುವವರೊಬ್ಬರು 15 ಸೆಂ.ಮೀ. ಅಲಗಿನ, ಒಂದೇ ಬಗೆಯ ಆರು ಚಾಕುಗಳನ್ನು ಕೇಳಿದ್ದಾರೆ. ಲಾರಿಯ ಕಮಾನುಪಟ್ಟಿಯಿಂದ ಒಂದೇ ಉದ್ದದ ಆರು ತುಂಡು ಕತ್ತರಿಸಿ ಬಡಿದರೂ ಒಂದು ಉದ್ದವಾಗುತ್ತದೆ, ಒಂದು ಗಿಡ್ಡವಾಗುತ್ತದೆ, ಇನ್ನೊಂದರ ಬೆನ್ನು ದಪ್ಪ ಉಳಿಯುತ್ತದೆ. ಕೈ ಪಳಗುವವರೆಗೆ ಕಾಯುವುದೊಂದೇ ದಾರಿಯೇ? (ಸಾಗರ ತಾಲ್ಲೂಕಿನ ಓದುಗರು)

ಉತ್ತರ: ಕೈಯನ್ನು ದೂರುವ ಮೊದಲು ಒಂದು ತಕ್ಕಡಿ ತನ್ನಿ. ಒಂದೊಂದು ಗ್ರಾಂ ತೋರಿಸುವ, ಅಡುಗೆಮನೆಯಲ್ಲಿ ಬಳಸುವ ಎಲೆಕ್ಟ್ರಾನಿಕ್ ತಕ್ಕಡಿಯೇ ಸಾಕು. ತುಂಡುಗಳು ಒಂದೇ ಉದ್ದವಿದ್ದವು ಎಂದು ಬರೆದಿದ್ದೀರಿ, ಆದರೆ ಅವು ಒಂದೇ ತೂಕವಿದ್ದವೇ ಎಂಬುದನ್ನು ಬರೆದಿಲ್ಲ. 25 ಮಿ.ಮೀ. ಅಗಲ, 6 ಮಿ.ಮೀ. ದಪ್ಪದ ಉಕ್ಕಿನ ಪಟ್ಟಿ ಒಂದು ಸೆಂಟಿಮೀಟರಿಗೆ ಸುಮಾರು 11.8 ಗ್ರಾಂ ತೂಗುತ್ತದೆ, ಅಂದರೆ 11 ಸೆಂ.ಮೀ. ತುಂಡಿಗೆ 130 ಗ್ರಾಂ. ಗರಗಸದ ಕೆಲಸದಲ್ಲಿ ಒಂದು ಮಿಲಿಮೀಟರ್ ಆಚೀಚೆಯಾದರೆ ಆಗುವ ವ್ಯತ್ಯಾಸ ಒಂದು ಗ್ರಾಮಿನ ಆಸುಪಾಸು, ಅದು ಲೆಕ್ಕಕ್ಕಿಲ್ಲ. ಆದರೆ ಲಾರಿಯಲ್ಲಿ ಹತ್ತಾರು ವರ್ಷ ದುಡಿದ ಕಮಾನುಪಟ್ಟಿ ಎಲ್ಲ ಕಡೆಯೂ ಒಂದೇ ದಪ್ಪವಿರುವುದಿಲ್ಲ. ಒಂದು ಪಟ್ಟಿಯ ಮೇಲೆ ಇನ್ನೊಂದು ಉಜ್ಜಿದ ಕಡೆ ಸವೆದಿರುತ್ತದೆ, ಕೆಸರು ಕೂತ ಕಡೆ ತುಕ್ಕು ತಿಂದಿರುತ್ತದೆ. ಒಂದು ತುಂಡು 6 ಮಿ.ಮೀ., ಇನ್ನೊಂದು ಆರೂವರೆ ಇದ್ದರೆ ಅದೇ 11 ಸೆಂ.ಮೀ. ಉದ್ದದಲ್ಲಿ 10 ಗ್ರಾಮಿಗಿಂತ ಹೆಚ್ಚು ಉಕ್ಕು ಜಾಸ್ತಿ ಬಂದುಬಿಡುತ್ತದೆ. ಅಗಲ, ದಪ್ಪಗಳನ್ನು ನೀವು ಆರಕ್ಕೂ ಒಂದೇ ಇಟ್ಟುಕೊಂಡು ಬಡಿದರೆ ಆ ಹೆಚ್ಚಿನ ಉಕ್ಕಿಗೆ ಹೋಗಲು ಉಳಿಯುವ ಜಾಗ ಉದ್ದವೊಂದೇ. ನಿಮ್ಮ ಅಳತೆಯ ಅಲಗಿನಲ್ಲಿ ಅದು ಒಂದು ಸೆಂಟಿಮೀಟರಿಗೂ ಮೀರಿದ ಉದ್ದವಾಗಿ ಕಾಣಿಸಿಕೊಳ್ಳುತ್ತದೆ. ಉದ್ದವನ್ನು ಸರಿಯಾಗಿ ಹಿಡಿದಿರೋ, ಅದೇ ಉಕ್ಕು ಬೆನ್ನಿನ ದಪ್ಪವಾಗಿ ಉಳಿಯುತ್ತದೆ. ನೀವು ಹೇಳಿದ ಮೂರು ದೋಷಗಳಿಗೂ ಕಾರಣ ಒಂದೇ ಆಗಿರುವ ಸಾಧ್ಯತೆ ಬಹಳ.

ಆದ್ದರಿಂದ ಆರು ತುಂಡುಗಳನ್ನೂ, ಸಾಧ್ಯವಾದರೆ ಏಳನ್ನು, ಒಂದೇ ಪಟ್ಟಿಯಿಂದ ಕತ್ತರಿಸಿ, ತೂಗಿ, ಅತಿ ಹಗುರವಾದದ್ದರ ಮಟ್ಟಕ್ಕೆ ಉಳಿದವನ್ನೆಲ್ಲ ಗ್ರೈಂಡರಿನಲ್ಲಿ ಸವೆಸಿ ತನ್ನಿ. ಒಂದು ಗ್ರಾಮಿನ ಒಳಗೆ ಬಂದರೆ ಸಾಕು. ಒಂದೇ ಪಟ್ಟಿ ಏಕೆಂದರೆ, ಬೇರೆ ಬೇರೆ ಲಾರಿಯ ಪಟ್ಟಿಗಳು ಒಂದೇ ಉಕ್ಕಿನವಾಗಿರಬೇಕೆಂದಿಲ್ಲ. ನಮ್ಮಲ್ಲಿ ಇಎನ್ 45 ಎಂಬ ಸಿಲಿಕಾನ್-ಮ್ಯಾಂಗನೀಸ್ ಉಕ್ಕಿನ ಪಟ್ಟಿಗಳೂ ಇವೆ, ಕ್ರೋಮಿಯಂ ಸೇರಿದವೂ ಇವೆ. ಎರಡರಲ್ಲೂ ಇಂಗಾಲ ಹೆಚ್ಚುಕಡಿಮೆ ಅರ್ಧ ಪ್ರತಿಶತವೇ ಆದರೂ ಸುತ್ತಿಗೆಗೆ ಬಗ್ಗುವ ರೀತಿ, ಹದ ಹಿಡಿಯುವ (ಕಾಯಿಸಿ ಎಣ್ಣೆಗೆ ಅದ್ದಿದಾಗ ಗಡಸಾಗುವ) ಕಾವು ಎರಡರದ್ದೂ ಬೇರೆ. ಜೊತೆಗೆ ಹಳೆಯ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಸೀಳು ಇರಬಹುದು. ಅದು ಬಯಲಾಗುವುದು ಕೆಲಸವೆಲ್ಲ ಮುಗಿದು ಎಣ್ಣೆಗೆ ಅದ್ದುವ ಹೊತ್ತಿಗೆ, ಆಗ ಆರು ಚಾಕುಗಳ ಜೊತೆ (ಸೆಟ್) ಒಡೆದು ಐದೇ ಉಳಿಯುತ್ತವೆ. ದುಡ್ಡು ತೆಗೆದುಕೊಂಡು ಜೊತೆ ಚಾಕು ಮಾಡಿಕೊಡುವವರು ಹೊಸ ಪಟ್ಟಿಯನ್ನೇ ಕೊಳ್ಳುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಗುಜರಿಯ ಉಕ್ಕಿನಲ್ಲಿ ಉಳಿಸಿದ ಹಣ ಇಲ್ಲಿ ಉಳಿಯುವುದಿಲ್ಲ.

ತೂಕ ಸಮನಾದ ಮೇಲೆ ಆ ಉಕ್ಕು ಎಲ್ಲಿಗೆ ಎಷ್ಟು ಹೋಗಬೇಕು ಎಂಬುದನ್ನು ತಣ್ಣಗಿರುವಾಗಲೇ ನಿರ್ಧರಿಸಬೇಕು. 11 ಸೆಂ.ಮೀ. ತುಂಡಿನಲ್ಲಿ 4 ಸೆಂ.ಮೀ. ಹಿಡಿಯೊಳಗೆ ಕೂರುವ ಬಾಲಕ್ಕೆ, 7 ಸೆಂ.ಮೀ. ಅಲಗಿಗೆ ಎಂದುಕೊಂಡರೆ, ಆ ಗಡಿಯಲ್ಲಿ ಎರಡೂ ಅಂಚಿಗೆ ಅರದಿಂದ ಸಣ್ಣ ಕಚ್ಚು ಹಾಕಿ. ಸೀಮೆಸುಣ್ಣದ ಗೆರೆ ಬೆಂಕಿಗೆ ನಿಲ್ಲುವುದಿಲ್ಲ. ಹಗುರವಾಗಿ ಹೊಡೆದ ಪಂಚಿನ ಚುಕ್ಕೆ ಕಿಟ್ಟದ (ಕಾದ ಉಕ್ಕಿನ ಮೇಲೆ ಕಟ್ಟುವ ಸುಟ್ಟ ಪದರದ) ಕೆಳಗೆ ಮುಚ್ಚಿಹೋಗುತ್ತದೆ. ಅರದ ಕಚ್ಚು ಕೆಂಪಗೆ ಕಾದಾಗಲೂ ಕಪ್ಪು ಗೆರೆಯಾಗಿ ಕಾಣುತ್ತದೆ. ಈ ಗೆರೆಯನ್ನು ಅಂದಾಜಿಗೆ ಬಿಟ್ಟರೆ ಒಂದು ಚಾಕುವಿನ ಬಾಲಕ್ಕೆ ಹೋದ ಉಕ್ಕು ಇನ್ನೊಂದರಲ್ಲಿ ಅಲಗಿಗೆ ಹೋಗುತ್ತದೆ, ತೂಗಿದ್ದೆಲ್ಲ ವ್ಯರ್ಥವಾಗುತ್ತದೆ.

ಇನ್ನು ಕೆಲಸದ ಸರದಿ. ಒಂದು ಚಾಕುವನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಕೈಹಾಕುವುದು ನಮ್ಮಲ್ಲಿ ರೂಢಿ, ಗಿರಾಕಿ ಎದುರಿಗೆ ಕಾಯುತ್ತ ಕೂತಿರುವಾಗ ಅದೇ ಸರಿ. ಜೊತೆಯ ಕೆಲಸಕ್ಕೆ ಅದು ತಕ್ಕದ್ದಲ್ಲ. ಆರೂ ತುಂಡಿಗೆ ಮೊದಲು ಮೊನೆ ಮಾತ್ರ ತೆಗೆಯಿರಿ. ಆರೂ ಮುಗಿದ ಮೇಲೆ ಆರನ್ನೂ ಬಾಲದ ಕಡೆಯಿಂದ ಮೊನೆಯ ಕಡೆಗೆ ತೆಳುವಾಗಿಸುತ್ತ ಉದ್ದಕ್ಕೆ ಎಳೆಯಿರಿ. ಆಮೇಲೆ ಆರಕ್ಕೂ ಬಾಲ, ಆಮೇಲೆ ಆರಕ್ಕೂ ಅಂಚು. ಮೊನೆ ತೆಗೆಯುವ ಕೆಲಸವನ್ನು ಒಂದರ ಹಿಂದೊಂದು ಮಾಡುವಾಗ ಕೈಗೆ ಆ ಪೆಟ್ಟಿನ ಅಳತೆ ನೆನಪಿರುತ್ತದೆ; ಒಂದು ಇಡೀ ಚಾಕು ಮುಗಿಸಿ ಮತ್ತೆ ಮೊನೆಗೆ ಬರುವ ಹೊತ್ತಿಗೆ ಅದು ಹೋಗಿರುತ್ತದೆ. ಒಂದು ಹಂತದಲ್ಲಿ ಕೊನೆಗೆ ಬಂದ ತುಂಡನ್ನು ಮುಂದಿನ ಹಂತದಲ್ಲಿ ಮೊದಲು ತೆಗೆದುಕೊಳ್ಳಿ, ಇಲ್ಲವಾದರೆ ನಿಮ್ಮ ದಣಿವೆಲ್ಲ ಆರನೆಯ ಚಾಕುವಿನ ಮೇಲೆಯೇ ಬೀಳುತ್ತದೆ.

ಹೋಲಿಸಿ ನೋಡುವಾಗ ಒಂದು ಕಟ್ಟುನಿಟ್ಟು ಬೇಕು. ಎರಡನೆಯದನ್ನು ಮೊದಲನೆಯದಕ್ಕೆ, ಮೂರನೆಯದನ್ನು ಎರಡನೆಯದಕ್ಕೆ, ಹೀಗೆ ಹಿಂದಿನದಕ್ಕೆ ಹೋಲಿಸುತ್ತ ಹೋದರೆ ಅಕ್ಕಪಕ್ಕದ ಯಾವ ಎರಡರಲ್ಲೂ ವ್ಯತ್ಯಾಸ ಕಾಣುವುದಿಲ್ಲ. ಆದರೆ ಅರ್ಧ ಮಿಲಿಮೀಟರಿನ ತಪ್ಪು ಪ್ರತಿ ಸಲವೂ ಒಂದೇ ದಿಕ್ಕಿಗೆ ಸೇರುತ್ತ ಹೋಗಿ, ಮೊದಲನೆಯದನ್ನೂ ಆರನೆಯದನ್ನೂ ಪಕ್ಕದಲ್ಲಿಟ್ಟಾಗ ಎರಡೂವರೆ ಮಿಲಿಮೀಟರ್ ಆಗಿ ನಿಲ್ಲುತ್ತದೆ. ಎಲ್ಲವನ್ನೂ ಒಂದೇ ಮಾದರಿಗೆ ಹೋಲಿಸಬೇಕು. ಆ ಮಾದರಿಯನ್ನು ಒಂದೂವರೆ ಮಿಲಿಮೀಟರ್ ತಗಡಿನಲ್ಲಿ ಕತ್ತರಿಸಿ ಅಡಿಗಲ್ಲಿನ (ಉಕ್ಕನ್ನು ಮೇಲಿಟ್ಟು ಬಡಿಯುವ ಗಟ್ಟಿಯ) ಪಕ್ಕ ನೇತುಹಾಕಿ. ಪ್ರತಿ ಹಂತಕ್ಕೂ ಬೇರೆ ತಗಡು ಇದ್ದರೆ ಇನ್ನೂ ಉತ್ತಮ: ಮೊನೆ ತೆಗೆದ ತುಂಡು ಹೇಗಿರಬೇಕು, ಎಳೆದ ಮೇಲೆ ಹೇಗಿರಬೇಕು, ಅಂಚು ಬಡಿದ ಮೇಲೆ ಹೇಗಿರಬೇಕು ಎಂದು. ಕೊನೆಯ ಆಕಾರದ ತಗಡೊಂದೇ ಇದ್ದರೆ ತಪ್ಪು ತಿಳಿಯುವುದು ತಿದ್ದಲಾಗದ ಹೊತ್ತಿನಲ್ಲಿ.

ದಪ್ಪಕ್ಕೆ ತಗಡು ಉಪಯೋಗವಿಲ್ಲ. ಅದಕ್ಕೆ ತಡೆಪಟ್ಟಿ ಬಳಸಿ. 4 ಮಿ.ಮೀ. ದಪ್ಪದ ಉಕ್ಕಿನ ಪಟ್ಟಿಯೊಂದನ್ನು ಅಡಿಗಲ್ಲಿನ ಮೇಲೆ ಅಲಗಿನ ಪಕ್ಕಕ್ಕೆ, ಸುತ್ತಿಗೆಯ ಮುಖ ಎರಡರ ಮೇಲೂ ಬೀಳುವಂತೆ ಇಟ್ಟು ಹೊಡೆದರೆ, ಅಲಗು 4 ಮಿಲಿಮೀಟರಿಗೆ ಇಳಿದ ಕೂಡಲೇ ಪೆಟ್ಟು ಪಟ್ಟಿಗೆ ತಾಗಿ ಸದ್ದು ಬದಲಾಗುತ್ತದೆ. ಬಾಲದ ಬಳಿ 4, ಮೊನೆಯ ಬಳಿ ಎರಡೂವರೆ ಎಂದು ಎರಡು ಪಟ್ಟಿ ಇಟ್ಟುಕೊಂಡರೆ ನಡುವಿನದು ತಾನಾಗಿ ಬರುತ್ತದೆ. ಇದು ಮೋಸದ ಕೆಲಸ, ಕಣ್ಣಳತೆಯಲ್ಲೇ ಮಾಡಬೇಕು ಎನ್ನುವ ಹಿರಿಯರಿದ್ದಾರೆ. ಅವರ ಕಣ್ಣಳತೆ ನಿಜಕ್ಕೂ ದೊಡ್ಡದು, ಆದರೆ ಆ ಕಣ್ಣು ಬರುವುದೂ ಹೀಗೆ ತಡೆಪಟ್ಟಿಯ ಪಕ್ಕದಲ್ಲಿ ನೂರು ಸಲ ನೋಡಿದ ಮೇಲೆಯೇ.

ಕೊನೆಯದಾಗಿ, ಪ್ರತಿ ತುಂಡು ಎಷ್ಟು ಸಲ ಬೆಂಕಿಗೆ ಹೋಯಿತು ಎಂಬುದನ್ನು ಗೋಡೆಯ ಮೇಲೆ ಗೆರೆ ಹಾಕಿ ಲೆಕ್ಕವಿಡಿ. ಪ್ರತಿ ಕಾವಿಗೂ ಉಕ್ಕಿನ ಮೇಲ್ಮೈ ಸ್ವಲ್ಪ ಸುಟ್ಟು ಕಿಟ್ಟವಾಗಿ ಉದುರುತ್ತದೆ, ಅದರ ಕೆಳಗಿನ ಪದರದಿಂದ ಇಂಗಾಲವೂ ಕಳೆದುಹೋಗುತ್ತದೆ. ಏಳು ಕಾವಿನಲ್ಲಿ ಮುಗಿದ ಅಲಗೂ ಹದಿಮೂರು ಕಾವು ತಿಂದ ಅಲಗೂ ಒಂದೇ ತೂಕದಿಂದ ಹೊರಟರೂ ಒಂದೇ ತೂಕಕ್ಕೆ ಬರುವುದಿಲ್ಲ. ಕಾವಿನ ಲೆಕ್ಕ ಇನ್ನೊಂದು ಕೆಲಸವನ್ನೂ ಮಾಡುತ್ತದೆ: ಎಲ್ಲಿ ತಡವರಿಸುತ್ತಿದ್ದೀರಿ ಎಂದು ತೋರಿಸುತ್ತದೆ. ಮೊನೆಗೆ ಎಲ್ಲ ತುಂಡಿಗೂ ಎರಡೇ ಕಾವು ಸಾಕಾಗಿ, ಅಂಚಿಗೆ ಒಮ್ಮೆ ಮೂರು ಒಮ್ಮೆ ಏಳು ಬೇಕಾಗುತ್ತಿದ್ದರೆ ಅಭ್ಯಾಸ ಬೇಕಾಗಿರುವುದು ಅಂಚಿಗೆ ಮಾತ್ರ.

ಪ್ರಶ್ನೆ: ಅಭ್ಯಾಸ ಮಾಡಲು ಪ್ರತಿ ಸಲವೂ ಒಳ್ಳೆಯ ಉಕ್ಕು, ಇದ್ದಿಲು ಸುಡುವುದು ನನ್ನಂಥ ಹವ್ಯಾಸಿಗೆ ದುಬಾರಿಯಾಗುತ್ತದೆ. ಬೇರೆ ಉಪಾಯವಿದೆಯೇ? (ಪುಣೆಯಲ್ಲಿರುವ ಕನ್ನಡಿಗ ಓದುಗರು)

ಉತ್ತರ: ಇದೆ. ಮಕ್ಕಳು ಗೊಂಬೆ ಮಾಡುವ, ಎಣ್ಣೆ ಬೆರೆತ ಮೇಣದಂಥ ಮಾಡೆಲಿಂಗ್ ಕ್ಲೇ ತನ್ನಿ. ಅದನ್ನು ನಿಮ್ಮ ಪಟ್ಟಿಯ ಅಳತೆಗೇ, ಅಂದರೆ 25 ಮಿ.ಮೀ. ಅಗಲ, 6 ಮಿ.ಮೀ. ದಪ್ಪ, 11 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ಅದೇ ಸುತ್ತಿಗೆಯಿಂದ, ಅದೇ ಅಡಿಗಲ್ಲಿನ ಮೇಲೆ ಹಗುರವಾಗಿ ಬಡಿಯಿರಿ. ಅಂಟದಂತೆ ಸ್ವಲ್ಪ ಹಿಟ್ಟು ಉದುರಿಸಿಕೊಂಡರೆ ಸಾಕು. ಕಾದ ಉಕ್ಕು ಪೆಟ್ಟಿಗೆ ಹರಡುವ ರೀತಿಗೂ ಈ ಜೇಡಿ ಹರಡುವ ರೀತಿಗೂ ಆಶ್ಚರ್ಯಪಡುವಷ್ಟು ಹೋಲಿಕೆಯಿದೆ. ಸುತ್ತಿಗೆಯ ಮುಖ ವಾರೆಯಾದರೆ ಉಕ್ಕು ಯಾವ ಕಡೆ ಓಡುತ್ತದೋ ಜೇಡಿಯೂ ಅದೇ ಕಡೆ ಓಡುತ್ತದೆ. ಮೊನೆ ತೆಗೆಯುವ ಮುನ್ನ ಬದಿಗಳನ್ನು ಒಳಕ್ಕೆ ಬಡಿಯದಿದ್ದರೆ ತುದಿ ಹೇಗೆ ಮೀನಿನ ಬಾಯಂತೆ ಸೀಳುತ್ತದೆ ಎಂಬುದನ್ನು ಅಲ್ಲಿ ಬೆಂಕಿಯ ಅವಸರವಿಲ್ಲದೆ ಬಗ್ಗಿ ನೋಡಬಹುದು. ಆರು ತುಂಡನ್ನು ಬಡಿದು, ಸಾಲಾಗಿಟ್ಟು, ತಪ್ಪು ಗುರುತಿಸಿ, ಮತ್ತೆ ಮುದ್ದೆ ಮಾಡಿ ಇನ್ನೊಮ್ಮೆ ಬಡಿಯಲು ಒಂದು ಸಂಜೆ ಸಾಕು.

ಜೇಡಿ ಕಲಿಸದ ಸಂಗತಿ ಕಾವು. ಅದು ಆರುವುದಿಲ್ಲ, ಆದ್ದರಿಂದ ಯಾವಾಗ ನಿಲ್ಲಿಸಬೇಕು ಎಂಬುದನ್ನು ಹೇಳುವುದಿಲ್ಲ. ಅದಕ್ಕೆ ಅಗ್ಗದ ಮೆದು ಕಬ್ಬಿಣದ ಪಟ್ಟಿಯನ್ನು ಬಳಸಿ. ಆದರೆ ಮೆದು ಕಬ್ಬಿಣ ಚಾಕುವಿನ ಉಕ್ಕಿಗಿಂತ ಸುಲಭವಾಗಿ ಬಗ್ಗುವುದರಿಂದ ಪೆಟ್ಟಿನ ಲೆಕ್ಕವನ್ನು ಅಲ್ಲಿಂದ ಇಲ್ಲಿಗೆ ಹಾಗೆಯೇ ತರಬೇಡಿ. ಕೆಲವರು ತಣ್ಣಗೇ ಬಡಿಯಬಹುದೆಂದು ಸೀಸದ ಮೇಲೆ ಅಭ್ಯಾಸ ಮಾಡುತ್ತಾರೆ. ಅದು ಬೇಡ, ಸೀಸದ ಪುಡಿ ಕೈಗೂ ಊಟಕ್ಕೂ ಸೇರುವ ವಿಷ.

ಪ್ರಶ್ನೆ: ಕೆಂಪಗಿರುವಾಗ ಮಾದರಿ ತಗಡಿಗೆ ಸರಿಯಾಗಿ ಹೊಂದಿದ ಅಲಗು ಆರಿದ ಮೇಲೆ ಗಿಡ್ಡವಾಗಿರುತ್ತದೆ. ಅಳತೆ ತಪ್ಪುವುದು ಎಲ್ಲಿ? (ಧಾರವಾಡದ ಓದುಗರು)

ಉತ್ತರ: ಅಳತೆ ತಪ್ಪಿಲ್ಲ, ಉಕ್ಕು ಹಿಗ್ಗಿದೆ. ಕೆಂಪು ಕಾವಿನಲ್ಲಿರುವ ಉಕ್ಕು ತಣ್ಣಗಿರುವಾಗಿನ ಉದ್ದಕ್ಕಿಂತ ಹೆಚ್ಚುಕಡಿಮೆ ಶೇ 1ರಷ್ಟು ಉದ್ದವಾಗಿರುತ್ತದೆ, 15 ಸೆಂ.ಮೀ. ಅಲಗಿಗೆ ಅದು ಒಂದೂವರೆ ಮಿಲಿಮೀಟರ್, ಬಾಲವೂ ಸೇರಿದರೆ ಎರಡೂವರೆಯವರೆಗೆ. ಮಾದರಿ ತಗಡು ತಣ್ಣಗಿರುತ್ತದೆ. ಎಲ್ಲ ಅಲಗನ್ನೂ ಒಂದೇ ಕಾವಿನಲ್ಲಿ ಅಳೆದರೆ ಇದರಿಂದ ತೊಂದರೆಯಿಲ್ಲ, ಎಲ್ಲವೂ ಅಷ್ಟಷ್ಟೇ ಕುಗ್ಗುತ್ತವೆ. ತೊಂದರೆ ಬರುವುದು ಒಂದನ್ನು ಕಿತ್ತಳೆ ಬಣ್ಣದಲ್ಲಿ, ಇನ್ನೊಂದನ್ನು ಕಪ್ಪಾದ ಮೇಲೆ ಅಳೆದಾಗ. ಆದ್ದರಿಂದ ಬಿಸಿಯಲ್ಲಿ ಅಳೆಯಲು ತಗಡನ್ನು ಶೇ 1ರಷ್ಟು ದೊಡ್ಡದಾಗಿ ಕತ್ತರಿಸಿಟ್ಟುಕೊಳ್ಳಿ, ಕೆಂಪು ಮಾಸುವ ಹೊತ್ತಿಗೆ ಮಾತ್ರ ಹಿಡಿದು ನೋಡಿ. ಕೊನೆಯ ತೀರ್ಮಾನ ಮಾತ್ರ ಪೂರ್ತಿ ಆರಿದ ಮೇಲೆಯೇ.

ನಿಮ್ಮ ಪತ್ರದಲ್ಲಿ ಕುಲುಮೆ ಅಂಗಳದಲ್ಲಿದೆ ಎಂದಿದೆ. ಬಿಸಿಲಿನಲ್ಲಿ ಮಂಕು ಕೆಂಪಾಗಿ ಕಾಣುವ ಉಕ್ಕು ನೆರಳಿನಲ್ಲಿ ನೋಡಿದರೆ ಚೆನ್ನಾಗಿ ಹೊಳೆಯುತ್ತಿರುತ್ತದೆ. ಬೆಳಿಗ್ಗೆ ಮೂರು, ನಡುಮಧ್ಯಾಹ್ನ ಮೂರು ಅಲಗು ಬಡಿದರೆ ನಿಮ್ಮ ಕಣ್ಣು ಎರಡೂ ಹೊತ್ತಿನಲ್ಲಿ ಅದೇ ಬಣ್ಣವನ್ನು ಹುಡುಕಿದರೂ ಉಕ್ಕು ಬೇರೆ ಬೇರೆ ಕಾವಿನಲ್ಲಿರುತ್ತದೆ, ಮಧ್ಯಾಹ್ನದವು ಅಗತ್ಯಕ್ಕಿಂತ ಹೆಚ್ಚು ಕಾದಿರುತ್ತವೆ. ಮೇಲೊಂದು ತಗಡಿನ ಮಾಡು, ಪಡುವಣಕ್ಕೆ ಗೋಣಿಯ ಪರದೆ ಕಟ್ಟಿಕೊಳ್ಳಿ. ಜೊತೆ ಅಲಗಿನ ವಿಷಯದಲ್ಲಿ ಒಳ್ಳೆಯ ಸುತ್ತಿಗೆಗಿಂತ ಒಳ್ಳೆಯ ನೆರಳು ಹೆಚ್ಚು ಉಪಕಾರಿ.

ಪ್ರಶ್ನೆ: ಉದ್ದ, ದಪ್ಪ ಎಲ್ಲ ಸರಿಬಂದರೂ ಅಂಚು ಬಡಿದ ಮೇಲೆ ಒಂದೊಂದು ಅಲಗು ಒಂದೊಂದು ಬಗೆಯಾಗಿ ಬೆನ್ನಿನ ಕಡೆಗೆ ಬಾಗುತ್ತದೆ. ಆಮೇಲೆ ತಿದ್ದಲು ಹೋದರೆ ಅಂಚು ಹಾಳಾಗುತ್ತದೆ. ಏನು ಮಾಡಬೇಕು? (ಹಾಸನದ ಓದುಗರು)

ಉತ್ತರ: ಅಂಚನ್ನು ತೆಳುವಾಗಿ ಬಡಿದಾಗ ಅಲ್ಲಿಯ ಉಕ್ಕು ಉದ್ದವಾಗುತ್ತದೆ, ಬೆನ್ನು ಮಾತ್ರ ಇದ್ದಷ್ಟೇ ಇರುತ್ತದೆ. ಒಂದು ಬದಿ ಉದ್ದ, ಇನ್ನೊಂದು ಬದಿ ಗಿಡ್ಡ ಆದಾಗ ಅಲಗು ಗಿಡ್ಡ ಬದಿಯ ಕಡೆಗೆ, ಅಂದರೆ ಬೆನ್ನಿನ ಕಡೆಗೆ ಬಾಗಲೇಬೇಕು. ಇದನ್ನು ತಡೆಯಲಾಗದು, ಮುಂಗಡವಾಗಿ ತೀರಿಸಬಹುದಷ್ಟೇ. ಅಂಚು ಬಡಿಯುವ ಮೊದಲೇ ಅಲಗನ್ನು ಎದುರು ದಿಕ್ಕಿಗೆ, ಅಂಚು ಒಳಬದಿಗೆ ಬರುವಂತೆ, ಬಾಳೆಹಣ್ಣಿನ ಹಾಗೆ ಬಾಗಿಸಿಕೊಳ್ಳಬೇಕು. ಅಂಚು ಬಡಿಯುತ್ತ ಹೋದಂತೆ ಅದು ನೆಟ್ಟಗಾಗುತ್ತ ಬರುತ್ತದೆ.

ಇಷ್ಟು ಬಹುಶಃ ನಿಮಗೆ ಗೊತ್ತಿದೆ. ಆರು ಅಲಗು ಆರು ಬಗೆಯಾಗುವುದಕ್ಕೆ ಕಾರಣ ಈ ಮುಂಗಡ ಬಾಗು ಆರರಲ್ಲೂ ಒಂದೇ ಇಲ್ಲದಿರುವುದು. ಒಂದನ್ನು 12 ಮಿ.ಮೀ. ಬಾಗಿಸಿ ಇನ್ನೊಂದನ್ನು 8 ಮಿ.ಮೀ. ಬಾಗಿಸಿದರೆ ಆಮೇಲೆ ಎಷ್ಟು ಎಚ್ಚರವಾಗಿ ಬಡಿದರೂ ಅವು ಒಂದೇ ಕಡೆ ನಿಲ್ಲುವುದಿಲ್ಲ. ಗಟ್ಟಿ ಮರದ ದಿಮ್ಮಿಯ ಮೇಲೆ ನಿಮಗೆ ಬೇಕಾದ ಬಾಗಿನ ಒಂದು ತಗ್ಗು ಕೊರೆದುಕೊಳ್ಳಿ, ಆರನ್ನೂ ಅದರಲ್ಲೇ ಕೂರಿಸಿ ಮರದ ಕೊಡತಿಯಿಂದ ಹೊಡೆಯಿರಿ. ಎಷ್ಟು ಬಾಗು ಬೇಕು ಎಂಬುದು ಅಂಚನ್ನು ಎಷ್ಟು ಅಗಲಕ್ಕೆ, ಎಷ್ಟು ತೆಳುವಿಗೆ ತರುತ್ತೀರಿ ಎಂಬುದರ ಮೇಲೆ ಹೋಗುತ್ತದೆ. ಜೇಡಿಯಲ್ಲೋ ಏಳನೆಯ ತುಂಡಿನಲ್ಲೋ ಪರೀಕ್ಷಿಸಿ ಕಂಡುಕೊಳ್ಳಿ.

ಬಡಿಯುವಾಗ ಬಾಲದ ಕಡೆಯಿಂದ ಮೊನೆಯವರೆಗೆ ಒಂದು ಸಾಲು ಪೆಟ್ಟು ಒಂದು ಮಗ್ಗುಲಿಗೆ ಹಾಕಿ, ಮರುಕಾವಿನಲ್ಲಿ ಅಷ್ಟೇ ಪೆಟ್ಟನ್ನು ಇನ್ನೊಂದು ಮಗ್ಗುಲಿಗೆ ಹಾಕಿ. ಬಲಗೈಯವರಿಗೆ ಒಂದು ಮಗ್ಗುಲು ಸಲೀಸು, ಇನ್ನೊಂದು ಎಡವಟ್ಟು. ಸಲೀಸಾದ ಮಗ್ಗುಲಿಗೆ ಹೆಚ್ಚು ಪೆಟ್ಟು ಬಿದ್ದು ಅಂಚು ನಡುಗೆರೆ ಬಿಟ್ಟು ಓರೆಯಾಗುತ್ತದೆ. ಇದು ಸಾಣೆ ಹಿಡಿಯುವಾಗಲಷ್ಟೇ ಕಣ್ಣಿಗೆ ಬೀಳುವ ದೋಷವಾದ್ದರಿಂದ ಪ್ರತಿ ಕಾವಿನ ಕೊನೆಗೆ ಅಲಗನ್ನು ಅಂಚು ಮೇಲಾಗಿ ಹಿಡಿದು, ಬಾಲದಿಂದ ಮೊನೆಯತ್ತ ಒಂದು ಕಣ್ಣಲ್ಲಿ ನೋಡುವ ಅಭ್ಯಾಸ ಬೇಕು. ಉಳಿದ ಸಣ್ಣ ಬಾಗನ್ನು ತಿದ್ದಲು ಅಲಗನ್ನು ಅಡಿಗಲ್ಲಿನ ಮೇಲೆ ಅಂಚು ಕೆಳಗಾಗಿ ನಿಲ್ಲಿಸಬೇಡಿ. ಮರದ ದಿಮ್ಮಿಯ ಮೇಲೆ ನಿಲ್ಲಿಸಿ ಬೆನ್ನಿಗೆ ಕೊಡತಿಯಿಂದ ಹೊಡೆದರೆ ಮರ ಸುಡುತ್ತದೆ, ಅಂಚು ಉಳಿಯುತ್ತದೆ.

ಪ್ರಶ್ನೆ: ನಮ್ಮ ಮನೆತನದ ಹಳೆಯ ಒಡಿಕತ್ತಿಯ (ಕೊಡವರ ಬಾಗಿದ ಕತ್ತಿಯ) ಜೋಡಿಯಾಗಿ ಇನ್ನೊಂದು ಮಾಡಿಕೊಡಿ ಎಂದು ನೆಂಟರೊಬ್ಬರು ಕೇಳಿದ್ದಾರೆ. ಹಳೆಯದನ್ನೇ ಕಾಗದದ ಮೇಲಿಟ್ಟು ಗೆರೆ ಎಳೆದುಕೊಂಡು ಮಾಡಬಹುದೇ? (ಗೋಣಿಕೊಪ್ಪದ ಓದುಗರು)

ಉತ್ತರ: ಗೆರೆ ಎಳೆದುಕೊಳ್ಳಿ, ಆದರೆ ಆ ಗೆರೆಯಂತೆಯೇ ಮಾಡಬೇಡಿ. ಬಳಕೆಯಲ್ಲಿದ್ದ ಕತ್ತಿಯ ಅಂಚು ಮಸೆದು ಮಸೆದು ಸವೆದಿರುತ್ತದೆ, ಸವೆತ ಎಲ್ಲ ಕಡೆ ಸಮನಾಗಿರುವುದಿಲ್ಲ. ಹೆಚ್ಚು ಕಡಿದ ಜಾಗದಲ್ಲಿ ಹೆಚ್ಚು. ಹಿಡಿಗೆ ಹತ್ತಿರ, ಮಸೆಗಲ್ಲು ತಾಗದ ಕಡೆ ಅಲಗಿನ ಅಗಲವನ್ನು ನೋಡಿದರೆ ಮೊದಲಿದ್ದ ಅಂಚಿನ ಗೆರೆ ಎಲ್ಲಿತ್ತು ಎಂಬುದರ ಸುಳಿವು ಸಿಗುತ್ತದೆ. ಬೆನ್ನು ಸವೆದಿರುವುದಿಲ್ಲ. ಆದ್ದರಿಂದ ಬೆನ್ನಿನ ಗೆರೆಯನ್ನು ಆಧಾರವಾಗಿಟ್ಟುಕೊಂಡು, ಬೆನ್ನಿನ ದಪ್ಪವನ್ನು ಪ್ರತಿ 3 ಸೆಂ.ಮೀ.ಗೆ ಕ್ಯಾಲಿಪರಿನಿಂದ ಅಳೆದು ಬರೆದುಕೊಳ್ಳಿ. ನೋಡಿದವರಿಗೆ ಜೋಡಿ ಎನಿಸುವುದು ಬೆನ್ನಿನ ಬಾಗಿನಿಂದ, ಕೈಗೆ ಜೋಡಿ ಎನಿಸುವುದು ಈ ದಪ್ಪ ಇಳಿಯುವ ಬಗೆಯಿಂದ.

ಇನ್ನೊಂದು ಮುಖ್ಯ ವ್ಯತ್ಯಾಸವನ್ನು ಗಮನಿಸಿ. ಹಾಸನದ ಓದುಗರಿಗೆ ಹೇಳಿದ್ದು ನೇರ ಅಥವಾ ಹೊರಬಾಗಿನ ಅಂಚಿಗೆ. ಒಡಿಕತ್ತಿಯ ಅಂಚು ಕುಡುಗೋಲಿನಂತೆ ಒಳಬಾಗಿನ ಕಡೆ ಇರುತ್ತದೆ. ಇಲ್ಲಿಯೂ ಅಂಚು ಬಡಿದಾಗ ಅದೇ ಬದಿ ಉದ್ದವಾಗುತ್ತದೆ, ಆದರೆ ಅದರ ಪರಿಣಾಮವಾಗಿ ಬಾಗು ಬಿಚ್ಚಿಕೊಳ್ಳುತ್ತದೆ. ಕುಡುಗೋಲು ಮಾಡುವವರು ಬೇಕಾದ್ದಕ್ಕಿಂತ ಬಿಗಿಯಾಗಿ ಬಾಗಿಸಿಕೊಂಡು ಅಂಚು ಬಡಿಯುವುದು ಇದಕ್ಕಾಗಿಯೇ. ಹಳೆಯ ಕತ್ತಿಯ ಬಾಗಿಗೆ ಮೊದಲೇ ಸರಿಹೊಂದಿಸಿ ಆಮೇಲೆ ಅಂಚು ತೆಗೆದರೆ ನಿಮ್ಮದು ಅದಕ್ಕಿಂತ ನೆಟ್ಟಗೆ ಬರುತ್ತದೆ. ಬೆನ್ನಿಗೆ ಕಟ್ಟುವ ಹಿತ್ತಾಳೆಯ ತೊಡಂಗಿನಲ್ಲಿ ಹೊಸ ಕತ್ತಿ ಕೂರಬೇಕಿದ್ದರೆ, ಆ ತೊಡಂಗನ್ನು ಕೈಯಲ್ಲಿಟ್ಟುಕೊಂಡೇ ಕೆಲಸ ಮಾಡಿ.

ಪ್ರಶ್ನೆ: ನನ್ನ ತಮ್ಮ ಸಮ್ಮಟಿಗೆ ಹೊಡೆಯುತ್ತಾನೆ, ನಾನು ಇಕ್ಕಳ ಹಿಡಿಯುತ್ತೇನೆ. ಒಬ್ಬನ ಪೆಟ್ಟಿನಂತೆ ಇನ್ನೊಬ್ಬನ ಪೆಟ್ಟು ಇರದಿದ್ದರೆ ಜೊತೆ ಅಲಗು ಸಾಧ್ಯವೇ? (ಹಾವೇರಿ ಜಿಲ್ಲೆಯ ಓದುಗರು)

ಉತ್ತರ: ಸಾಧ್ಯ. ಎಳೆಯುವ ಒರಟು ಕೆಲಸವನ್ನು ತಮ್ಮನಿಗೆ, ಆಕಾರದ ಕೆಲಸವನ್ನು ನಿಮಗೆ ಎಂದು ಗಡಿ ಹಾಕಿಕೊಳ್ಳಿ, ಆರಕ್ಕೂ ಆ ಗಡಿ ಬದಲಾಗದಿರಲಿ. ನಿಮ್ಮ ಕೈಸುತ್ತಿಗೆಯ ಪೆಟ್ಟು ಬಿದ್ದ ಜಾಗಕ್ಕೇ ಸಮ್ಮಟಿಗೆ ಬೀಳಬೇಕು, ನೀವು ಹಗುರವಾಗಿ ತಟ್ಟಿದರೆ ಅವರದ್ದೂ ಹಗುರ. ಬರಿಯ ಅಡಿಗಲ್ಲಿನ ಮೇಲೆ ತಟ್ಟಿದರೆ ನಿಲ್ಲಿಸಬೇಕು. ಈ ಪದ್ಧತಿ ನಿಮ್ಮ ಹಿರಿಯರಲ್ಲಿ ಇದ್ದೇ ಇರುತ್ತದೆ. ಅದರ ಜೊತೆಗೆ ಒಂದು ಕಾವಿಗೆ ಎಷ್ಟು ಸಮ್ಮಟಿಗೆ ಪೆಟ್ಟು ಎಂದು ಬಾಯಲ್ಲಿ ಎಣಿಸಿಕೊಂಡರೆ ಸಾಕು.

ಪ್ರಶ್ನೆ: ಇಷ್ಟೆಲ್ಲ ಪಾಡು ಏಕೆ? ಪಟ್ಟಿಯನ್ನು ಮಾದರಿಯಂತೆ ಕತ್ತರಿಸಿ ಬೆಲ್ಟ್ ಗ್ರೈಂಡರಿನಲ್ಲಿ ಸವೆಸಿದರೆ ಆರೂ ಒಂದೇ ಆಗುವುದಿಲ್ಲವೇ? (ಬೆಂಗಳೂರಿನ ಓದುಗರು)

ಉತ್ತರ: ಆಗುತ್ತವೆ, ಸುಲಭವಾಗಿಯೇ ಆಗುತ್ತವೆ. ಬಡಿದ ಚಾಕು ಕತ್ತರಿಸಿ ಮಾಡಿದ ಚಾಕುವಿಗಿಂತ ತಾನಾಗಿ ಮೇಲು ಎಂದು ನಾನು ಹೇಳುವುದಿಲ್ಲ. ಇಂದಿನ ಗಿರಣಿಯ ಉಕ್ಕಿನಲ್ಲಿ ಗುಣವನ್ನು ನಿರ್ಧರಿಸುವುದು ಹದ. ಬಡಿಯುವುದರಿಂದ ಉಕ್ಕು ಉಳಿಯುತ್ತದೆ, 25 ಮಿ.ಮೀ. ಪಟ್ಟಿಯಿಂದ 35 ಮಿ.ಮೀ. ಅಗಲದ ಅಲಗು ಬರುತ್ತದೆ, ಬೆನ್ನಿನ ದಪ್ಪ ಬಾಲದಿಂದ ಮೊನೆಗೆ ಇಳಿಯುತ್ತ ಹೋಗುವುದಕ್ಕೆ ದಿನವಿಡೀ ದೂಳು ಕುಡಿಯಬೇಕಿಲ್ಲ. ಬಡಿಯುವವರೂ ಕೊನೆಗೆ ಗ್ರೈಂಡರಿಗೆ ಬರುತ್ತಾರೆ. ಸುತ್ತಲೂ ಒಂದರಿಂದ ಒಂದೂವರೆ ಮಿಲಿಮೀಟರ್ ಉಳಿಸಿಕೊಂಡು ಬಡಿದು, ಆರನ್ನೂ ಒಟ್ಟಿಗೆ ಕ್ಲ್ಯಾಂಪಿನಲ್ಲಿ ಬಿಗಿದು ಬೆನ್ನಿನ ಗೆರೆಯನ್ನು ಒಮ್ಮೆಲೇ ಸವೆಸಿದರೆ ಉಳಿದ ಏರುಪೇರು ಅಲ್ಲಿ ಹೋಗುತ್ತದೆ.

ಪ್ರಶ್ನೆ: ಕಣ್ಣಿಗೆ ಒಂದೇ ಆಗಿರುವ ಆರು ಚಾಕುಗಳಲ್ಲಿ ಎರಡು ಬೇಗ ಮೊಂಡಾಗುತ್ತವೆ ಎಂದು ಗಿರಾಕಿ ದೂರಿದ್ದಾರೆ. ಜೊತೆ ಎನ್ನಲು ಎಷ್ಟು ವ್ಯತ್ಯಾಸದವರೆಗೆ ಒಪ್ಪಬಹುದು? (ಉಡುಪಿಯ ಓದುಗರು)

ಉತ್ತರ: ಎರಡು ಪ್ರಶ್ನೆಗಳಿವೆ. ಮೊಂಡಾಗುವುದು ಹದದ ವಿಷಯ. ಬಡಿದು ಮುಗಿದ ಮೇಲೆ ಎಲ್ಲ ಅಲಗುಗಳನ್ನೂ ಎರಡು ಮೂರು ಸಲ ಕೆಂಪಗೆ ಕಾಯಿಸಿ ಗಾಳಿಯಲ್ಲಿ ತಾನಾಗಿ ಆರಲು ಬಿಡಿ. ಬೇರೆ ಬೇರೆ ಸಂಖ್ಯೆಯ ಕಾವು ತಿಂದು ಬೇರೆ ಬೇರೆಯಾದ ಒಳಗಿನ ಕಣಗಳು ಇದರಿಂದ ಒಂದು ಮಟ್ಟಕ್ಕೆ ಬರುತ್ತವೆ. ಆಮೇಲೆ ಹದದ ಕಾವು. ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುವುದು ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕಮಾನುಪಟ್ಟಿಯ ಉಕ್ಕಿಗೆ ಅದಕ್ಕಿಂತ ಸ್ವಲ್ಪ ಹೆಚ್ಚು ಕಾವು ಬೇಕು. ದಾರಕ್ಕೆ ಕಟ್ಟಿದ ಅಯಸ್ಕಾಂತವನ್ನು ಕುಲುಮೆಯ ಬಳಿ ನೇತುಹಾಕಿ, ಅಲಗು ಅದಕ್ಕೆ ಸೆಳೆತ ತೋರದಿರುವ ಬಣ್ಣವನ್ನು ನೋಡಿಕೊಂಡು, ಅಲ್ಲಿಂದ ಒಂದು ಛಾಯೆ ಮೇಲಕ್ಕೆ ತೆಗೆದುಕೊಂಡು, ಮೊನೆಯಿಂದ ಬಾಲದ ಬುಡದವರೆಗೆ ಬಣ್ಣ ಸಮನಾದ ಮೇಲೆ ಎಣ್ಣೆಗೆ ಅದ್ದಿ. ಎಣ್ಣೆ 50ರಿಂದ 60 ಡಿಗ್ರಿ ಬೆಚ್ಚಗಿರಲಿ. ಮೊದಲ ಅಲಗನ್ನು ತಣ್ಣನೆಯ ಎಣ್ಣೆಗೂ ಆರನೆಯದನ್ನು ಕೈ ಇಡಲಾಗದಷ್ಟು ಬಿಸಿಯಾದ ಎಣ್ಣೆಗೂ ಅದ್ದಿದರೆ ಎರಡರ ಗಡಸುತನ ಒಂದೇ ಆಗಿರಬೇಕೆಂದಿಲ್ಲ. ಅದ್ದಿದ ಪ್ರತಿಯೊಂದರ ಅಂಚಿಗೂ ಹೊಸ ಅರ ಹಾಕಿ ನೋಡಿ. ಮೇಲಿನ ತೆಳು ಪದರದ ಕೆಳಗೆ ಅರ ಜಾರಬೇಕು. ಕಚ್ಚಿದರೆ ಆ ಅಲಗು ಮತ್ತೆ ಬೆಂಕಿಗೆ. ಮೊಂಡಾದ ಎರಡು ಈ ಪರೀಕ್ಷೆಯಿಲ್ಲದೆ ದಾಟಿ ಹೋದವು ಎಂದು ನನ್ನ ಊಹೆ. ಕೊನೆಯಲ್ಲಿ ಪೆಡಸು ಇಳಿಸಲು ಆರನ್ನೂ ಒಂದೇ ತಟ್ಟೆಯ ಮರಳಿನಲ್ಲಿ ಹೂತಿಟ್ಟು, ಒಂದೇ ಓವನ್ನಿನಲ್ಲಿ, 200 ಡಿಗ್ರಿಯಲ್ಲಿ ಎರಡು ಗಂಟೆಯಂತೆ ಎರಡು ಸಲ ಇಡಿ. ಮನೆಯ ಓವನ್ನಿನ ತಿರುಗುಗುಂಡಿಯನ್ನು ನಂಬದೆ ಒಳಗೊಂದು ಥರ್ಮಾಮೀಟರ್ ಇಡುವುದು ಒಳ್ಳೆಯದು.

ಇನ್ನು ಎಷ್ಟು ವ್ಯತ್ಯಾಸ ಒಪ್ಪಬಹುದು ಎಂಬುದು. ಆರನ್ನೂ ಹಿಡಿ ಸೇರುವ ಗೆರೆ ಒಂದೇ ಸಾಲಿಗೆ ಬರುವಂತೆ ಮೇಜಿನ ಮೇಲೆ ಜೋಡಿಸಿ. ಕಣ್ಣು ಮೊದಲು ಹೋಗುವುದು ಅಲಗು ಹಿಡಿಗೆ ಸೇರುವ ಹೆಗಲಿಗೆ. ಅಲ್ಲಿ ಒಂದು ಮಿಲಿಮೀಟರ್ ತಪ್ಪಿದರೂ ಎದ್ದು ಕಾಣುತ್ತದೆ. ಆಮೇಲೆ ಬೆನ್ನಿನ ಗೆರೆ. ಮೊನೆಯಲ್ಲಿ ಒಂದು ಮಿಲಿಮೀಟರ್ ಉದ್ದಗಿಡ್ಡ ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ಹೆಗಲಿಗೆ ಅರ್ಧ ಮಿಲಿಮೀಟರ್, ಅಗಲಕ್ಕೆ ಒಂದು, ಉದ್ದಕ್ಕೆ ಎರಡು ಎಂದು ನಾನು ಮಿತಿ ಹಾಕುತ್ತೇನೆ. ತೂಕದಲ್ಲಿ ಹಿಡಿಯಿಲ್ಲದ ಅಲಗುಗಳು ಐದು ಗ್ರಾಮಿನ ಒಳಗಿದ್ದರೆ ಕೈಗೆ ಒಂದೇ ಎನಿಸುತ್ತವೆ.

ಈ ಮಿತಿಗೆ ಬಾರದ್ದನ್ನು ತಿದ್ದಿ ತಿದ್ದಿ ತೆಳುವಾಗಿಸುವ ಬದಲು ತೆಗೆದಿಡಿ. ಆರು ಬೇಕಾದಾಗ ಏಳು ಬಡಿಯಲು ಹೇಳಿದ್ದು ಇದಕ್ಕೇ. 18ನೇ ಶತಮಾನದ ಕೊನೆಗೆ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಚಾಕು ಮಾಡಿಸುವ ಯಜಮಾನನೊಬ್ಬ ಡಜನ್ ಎಂದು 13 ಚಾಕು ಕೇಳತೊಡಗಿದಾಗ ಅಲ್ಲಿನ ಕೆಲಸಗಾರರು ಅವನನ್ನು ಗೇಲಿಮಾಡಿ ಹಾಡು ಕಟ್ಟಿದ್ದರು. ಹೆಚ್ಚಿನ ಒಂದರ ಖರ್ಚು ಯಾರ ಮೇಲೆ ಎಂಬ ಜಗಳ ಹಳೆಯದು. ನಿಮ್ಮ ಏಳನೆಯದರ ಉಕ್ಕು, ಇದ್ದಿಲು, ಕೂಲಿಯನ್ನು ಆರರ ಬೆಲೆಯಲ್ಲಿ ಮೊದಲೇ ಸೇರಿಸಿ ಹೇಳಿ; ಉಳಿದ ಏಳನೆಯದು ಚೆನ್ನಾಗಿಯೇ ಇದ್ದರೆ ಅದಕ್ಕೆ ಹಿಡಿ ಹಾಕದೆ ಎಣ್ಣೆ ಸವರಿ ಇಟ್ಟುಕೊಳ್ಳಿ, ಗಿರಾಕಿ ಒಂದನ್ನು ಕಳೆದುಕೊಂಡು ಮತ್ತೆ ಬಂದಾಗ ಜೊತೆ ಸೇರಿಸಿಕೊಡಲು ಬೇಕಾಗುತ್ತದೆ.